ಬಾಯಿ ಕ್ಯಾನ್ಸರ್ ಗುರುತಿಸುವುದು ಹೇಗೆ? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಬಾಯಿ ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಇದೊಂದು ಮಾತು ಗೊತ್ತಿಲ್ಲದೆ ನಮ್ಮ ಕಡೆ ತುಂಬಾ ಜನ ತಡ ಮಾಡಿಕೊಳ್ಳುತ್ತಾರೆ. ಗಲ್ಲದ ಒಳಗೆ ಏನೋ ಒರಟಾಗಿದೆ ಅಂದರೆ ಮನೆಯಲ್ಲಿ “ಉಷ್ಣ ಆಗೇತಿ, ಮಜ್ಜಿಗಿ ಕುಡಿ” ಅನ್ನುತ್ತಾರೆ. ಆಮೇಲೆ ಮೆಡಿಕಲ್ ಶಾಪಿನ ಬಿ-ಕಾಂಪ್ಲೆಕ್ಸ್ ಗುಳಿಗೆ. ಅದಾದ ಮೇಲೆ ಹಚ್ಚುವ ಜೆಲ್. ಹಲ್ಲು ಅಲುಗಾಡಿದರೆ ಅದನ್ನು ಕೀಳಿಸುವುದು. ಇಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ನೋವು ತಡೆಯಲಾಗದೆ ದೊಡ್ಡ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಗಡ್ಡೆ ದವಡೆಯ ಎಲುಬಿಗೆ ಇಳಿದಿರುತ್ತದೆ.

2022ರ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಆ ಒಂದು ವರ್ಷದಲ್ಲೇ ಸುಮಾರು 1.4 ಲಕ್ಷ ಜನರಿಗೆ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಹೊಸದಾಗಿ ಬಂದಿದೆ. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. ಆದರೆ ಹೊಟ್ಟೆ, ಶ್ವಾಸಕೋಶದ ಕ್ಯಾನ್ಸರಿನ ಹಾಗೆ ಇದು ಒಳಗೆ ಅಡಗಿ ಕೂರುವುದಿಲ್ಲ. ಬಾಯಿ ತೆರೆದರೆ ಕಾಣುತ್ತದೆ, ಬೆರಳು ಇಟ್ಟರೆ ಸಿಗುತ್ತದೆ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ಒಂದು ದೊಡ್ಡ ಅಧ್ಯಯನ ನಡೆಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ, ಬೆಳಕು ಹಿಡಿದು, ಬರೀ ಕಣ್ಣಿನಿಂದ ಬಾಯಿ ನೋಡಿದರು. ತಂಬಾಕು ಅಥವಾ ಮದ್ಯದ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರಿನಿಂದ ಆಗುವ ಸಾವು ಶೇ. 34ರಷ್ಟು ಕಡಿಮೆಯಾಯಿತು ಎಂದು 2005ರಲ್ಲಿ ಪ್ರಕಟವಾದ ಫಲಿತಾಂಶ ಹೇಳಿತು. ಅವರ ಕೈಯಲ್ಲಿ ಯಾವ ಯಂತ್ರವೂ ಇರಲಿಲ್ಲ. ನಾವು ಮನೆಯಲ್ಲಿ ಮಾಡಬೇಕಾದ್ದೂ ಹೆಚ್ಚುಕಡಿಮೆ ಅಷ್ಟೇ.

ಯಾರು ಜಾಸ್ತಿ ಹುಷಾರಾಗಿರಬೇಕು

ಗುಟ್ಕಾ, ಮಾವಾ, ಜರ್ದಾ, ಸುಣ್ಣ ತಿಕ್ಕಿದ ತಂಬಾಕು, ಬೀಡಿ, ಸಿಗರೇಟು. ಈ ಪಟ್ಟಿ ಎಲ್ಲರಿಗೂ ಗೊತ್ತು. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಆದರೂ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಅಂತ ಜೋಡಿಯಾಗಿ ಸಿಗುತ್ತದೆ. ಎರಡನ್ನೂ ಅಂಗೈಯಲ್ಲಿ ಕೂಡಿಸಿದರೆ ಅದೇ ಗುಟ್ಕಾ.

ಜನ ಒಪ್ಪಲು ಕಷ್ಟಪಡುವುದು ಅಡಿಕೆಯ ವಿಷಯವನ್ನು. “ನಾನು ತಂಬಾಕು ಹಾಕಲ್ಲ, ಬರೀ ಎಲೆ-ಅಡಿಕೆ” ಅನ್ನುವವರು ಬಹಳ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು, ತಂಬಾಕು ಇಲ್ಲದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಸವಣೂರಿನ ಎಲೆಗೆ ಹೆಸರಾದ ಸೀಮೆ ನಮ್ಮದು. ಊಟ ಆದ ಮೇಲೆ ಎಲೆ-ಅಡಿಕೆ ಕೊಡುವುದು ಇಲ್ಲಿ ಮರ್ಯಾದೆ. ಮದುವೆ ಮನೆಯಲ್ಲಿ ಯಾವತ್ತೋ ಒಮ್ಮೆ ಹಾಕಿದ ಬೀಡಾದ ಬಗ್ಗೆ ನಾನು ಹೇಳುತ್ತಿಲ್ಲ. ದಿನಾ ಹಾಕುವವರು, ದಿನಕ್ಕೆ ಹಲವು ಸಲ ಹಾಕುವವರು, ಗಲ್ಲದಲ್ಲಿ ಒತ್ತಿಟ್ಟುಕೊಂಡೇ ಮಲಗುವವರು ಅಪಾಯದಲ್ಲಿದ್ದಾರೆ.

ಮನೆಯ ಹೆಣ್ಣುಮಕ್ಕಳನ್ನು ಈ ಲೆಕ್ಕದಿಂದ ಬಿಡಬೇಡಿ. ಎಲೆ ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡ ಅಜ್ಜಿ, ಹಲ್ಲಿಗೆ ಮಿಶ್ರಿ ಅಥವಾ ತಪಕೀರು ತಿಕ್ಕುವ ಅತ್ತೆ ಇವರೂ ತಂಬಾಕು ಬಳಸುವವರೇ. ಚಟ ಇದೆಯಾ ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ, ಯಾಕೆಂದರೆ ಅವರ ಪ್ರಕಾರ ಅದು ಚಟ ಅಲ್ಲ. ಹಾಗಾಗಿ “ಹಲ್ಲಿಗೆ ಏನು ಹಚ್ಚುತ್ತೀರಿ?” ಅಂತ ಕೇಳಿ.

ತಂಬಾಕಿನ ಜೊತೆ ಕುಡಿತವೂ ಇದ್ದರೆ ಅಪಾಯ ಎಷ್ಟೋ ಪಟ್ಟು ಏರುತ್ತದೆ. ಯಾವ ಚಟವೂ ಇಲ್ಲದವರಿಗೆ ಬರುವುದು ಕಡಿಮೆ, ಆದರೆ ಬರುತ್ತದೆ. ಆದ್ದರಿಂದ ಮುಂದಿನ ತಪಾಸಣೆ ಎಲ್ಲರಿಗೂ.

ಮನೆಯಲ್ಲೇ ಬಾಯಿ ನೋಡುವ ವಿಧಾನ

ತಿಂಗಳಿಗೊಮ್ಮೆ ಸಾಕು. ಐದು ನಿಮಿಷದ ಕೆಲಸ. ಅಮಾವಾಸ್ಯೆ ದಿನ ಅಂತ ಗೊತ್ತು ಮಾಡಿಕೊಂಡರೆ ಮರೆಯುವುದಿಲ್ಲ. ಕನ್ನಡಿ, ಮೊಬೈಲ್ ಟಾರ್ಚ್, ತೊಳೆದ ಕೈ, ಒಂದು ಸ್ವಚ್ಛ ಹತ್ತಿ ಬಟ್ಟೆ ಇರಲಿ. ಮೊದಲು ಬಾಯಿ ಚೆನ್ನಾಗಿ ಮುಕ್ಕಳಿಸಿ. ಎಲೆ-ಅಡಿಕೆಯ ಕೆಂಪು ಇದ್ದರೆ ಒಳಗಿನ ನಿಜವಾದ ಬಣ್ಣ ಗೊತ್ತಾಗುವುದಿಲ್ಲ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ತೆಗೆದಿಡಿ.

ಶುರು ಮಾಡುವುದು ಚಟದ ಜಾಗದಿಂದ. ತಂಬಾಕು, ಮಾವಾ ಯಾವ ಗಲ್ಲದಲ್ಲಿ ಇಡುತ್ತೀರೋ ಆ ಗಲ್ಲವನ್ನೇ ಮೊದಲು ನೋಡಿ. ನಮ್ಮ ದೇಶದಲ್ಲಿ ಬಾಯಿ ಕ್ಯಾನ್ಸರ್ ಜಾಸ್ತಿ ಹುಟ್ಟುವುದೇ ಗಲ್ಲದ ಒಳಗೆ, ಗಲ್ಲ ಮತ್ತು ಕೆಳ ವಸಡು ಕೂಡುವ ಸಂದಿಯಲ್ಲಿ. ಆ ಸಂದಿ ಸುಮ್ನೆ ಬಾಯಿ ಕಳೆದರೆ ಕಾಣುವುದಿಲ್ಲ. ಬೆರಳಿನಿಂದ ಗಲ್ಲವನ್ನು ಹೊರಗೆ ಎಳೆದು, ಕೊನೆಯ ದವಡೆ ಹಲ್ಲಿನ ಹಿಂದಿನ ತನಕ ಟಾರ್ಚ್ ಹಿಡಿಯಬೇಕು. ಆಮೇಲೆ ಹೆಬ್ಬೆರಳು ಹೊರಗೆ, ತೋರುಬೆರಳು ಒಳಗೆ ಇಟ್ಟು ಗಲ್ಲವನ್ನು ಮೆಲ್ಲಗೆ ಹಿಚುಕುತ್ತಾ ಬನ್ನಿ. ಎಲ್ಲಾದರೂ ಗಟ್ಟಿ, ದಪ್ಪ ಸಿಕ್ಕರೆ ಇನ್ನೊಂದು ಗಲ್ಲದ ಅದೇ ಜಾಗಕ್ಕೆ ಹೋಲಿಸಿ.

ನಂತರ ತುಟಿ. ಕೆಳತುಟಿ ಕೆಳಗೆ ಮಡಚಿ, ಮೇಲ್ತುಟಿ ಮೇಲೆ ಎತ್ತಿ ಒಳಭಾಗ ನೋಡಿ. ಸುಣ್ಣ-ತಂಬಾಕು ತಿಕ್ಕಿ ಮುಂದಿನ ತುಟಿಯೊಳಗೆ ಇಡುವವರಿಗೆ ಇದೇ ಮುಖ್ಯ ಜಾಗ.

ನಾಲಿಗೆಯ ಮೇಲ್ಭಾಗ ನೋಡಿ ಮುಗಿಸುವವರೇ ಜಾಸ್ತಿ. ಆದರೆ ಕ್ಯಾನ್ಸರ್ ಬರುವುದು ಹೆಚ್ಚಾಗಿ ಅದರ ಅಂಚಿನಲ್ಲಿ. ನಾಲಿಗೆ ಹೊರಗೆ ಚಾಚಿ, ತುದಿಯನ್ನು ಬಟ್ಟೆಯಿಂದ ಹಿಡಿದು ಒಂದು ಕಡೆಗೆ ಎಳೆಯಿರಿ. ಎಡದ ಅಂಚು, ಬಲದ ಅಂಚು ಎರಡನ್ನೂ ಹಿಂದಿನವರೆಗೆ ನೋಡಿ. ಚೂಪಾದ, ಮುರಿದ ಹಲ್ಲು ನಾಲಿಗೆಗೆ ತಾಗುತ್ತಿದ್ದರೆ ಆ ಜಾಗದ ಮೇಲೆ ವಿಶೇಷ ಗಮನ ಇರಲಿ. ಈಗ ನಾಲಿಗೆ ಮೇಲೆತ್ತಿ ಅದರ ಕೆಳಗೆ. ತಲೆ ಹಿಂದೆ ಬಾಗಿಸಿ ಅಂಗುಳ, ಅಂದರೆ ಬಾಯಿಯ ಮೇಲ್ಛಾವಣಿ. “ಆ…” ಅಂದು ಗಂಟಲಿನ ಬಾಯಿ.

ಕೊನೆಗೆ ಕುತ್ತಿಗೆ. ಗದ್ದದ ಕೆಳಗೆ, ದವಡೆಯ ಕೆಳಗೆ, ಕಿವಿಯಿಂದ ಹೆಗಲ ತನಕ ಬೆರಳ ತುದಿಯಿಂದ ಒತ್ತಿ ನೋಡಿ. ನೆಗಡಿ, ಹಲ್ಲುನೋವು ಇದ್ದಾಗ ಗಂಟು ಬರುವುದುಂಟು. ಅದು ಮುಟ್ಟಿದರೆ ನೋಯುತ್ತದೆ, ಕೆಲವು ದಿನಕ್ಕೆ ಇಳಿಯುತ್ತದೆ. ನೋವೇ ಇಲ್ಲದ, ಕಲ್ಲಿನಂಥ, ಕದಲದ ಗಂಟು ಬೇರೆ. ಅದನ್ನು ತೋರಿಸಲೇಬೇಕು.

ಮೊದಲ ಸಲ ನೋಡಿದಾಗ ಗಾಬರಿ ಆಗುವುದು ಸಹಜ, ಯಾಕೆಂದರೆ ಬಾಯೊಳಗೆ ಸಹಜವಾಗಿ ಇರುವ ಎಷ್ಟೋ ಸಂಗತಿಗಳನ್ನು ನಾವು ಯಾವತ್ತೂ ನೋಡಿರುವುದಿಲ್ಲ. ಹಲ್ಲು ಕೂಡುವ ಮಟ್ಟದಲ್ಲಿ ಗಲ್ಲದ ಒಳಗೆ ಹಾಯುವ ತೆಳು ಬಿಳಿ ಗೆರೆ, ಮೇಲಿನ ದವಡೆ ಹಲ್ಲಿನ ಎದುರಿಗೆ ಇರುವ ಸಣ್ಣ ಉಬ್ಬು (ಜೊಲ್ಲು ಬರುವ ದಾರಿ ಅದು), ಗಲ್ಲದಲ್ಲಿ ರವೆಯಷ್ಟು ಹಳದಿ ಚುಕ್ಕೆಗಳು, ನಾಲಿಗೆಯ ತೀರಾ ಹಿಂದೆ ಸಾಲಾಗಿ ಇರುವ ಗುಂಡು ಉಬ್ಬುಗಳು, ಅಂಗುಳದ ನಡುವೆ ಹುಟ್ಟಿನಿಂದ ಇರುವ ಎಲುಬಿನ ದಿಬ್ಬ ಇವೆಲ್ಲ ರೋಗ ಅಲ್ಲ. ಆರೋಗ್ಯವಾಗಿದ್ದಾಗಲೇ ಬಾಯಿಯ ನಾಲ್ಕಾರು ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಮುಂದೆ ಅನುಮಾನ ಬಂದಾಗ ಹೋಲಿಸಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಕಂಡದ್ದನ್ನು ಅರ್ಥ ಮಾಡಿಕೊಳ್ಳುವುದು

ಎಲ್ಲರಿಗೂ ಬರುವ ಮಾಮೂಲಿ ಬಾಯಿಹುಣ್ಣು ಸಣ್ಣದು, ದುಂಡಗಿನದು. ನಡುವೆ ಬಿಳಿ-ಹಳದಿ, ಸುತ್ತ ಕೆಂಪು. ಊಟ ಮಾಡಲು ಬಿಡದಷ್ಟು ಉರಿಯುತ್ತದೆ. ಒಂದೆರಡು ವಾರದಲ್ಲಿ ತಾನೇ ಮಾಯುತ್ತದೆ. ಮತ್ತೆ ಬಂದರೂ ಬೇರೆ ಜಾಗದಲ್ಲಿ ಬರಬಹುದು. ಅನುಮಾನದ ಹುಣ್ಣಿನ ನಡತೆ ಇದಕ್ಕೆ ಪೂರ್ತಿ ತಿರುವುಮುರುವು. ಒಂದೇ ಜಾಗ ಬಿಟ್ಟು ಕದಲುವುದಿಲ್ಲ. ಅಂಚು ಎದ್ದುಕೊಂಡು ಗಟ್ಟಿಯಾಗಿರುತ್ತದೆ. ಮುಟ್ಟಿದರೆ ರಕ್ತ ಬರುತ್ತದೆ. ಮತ್ತು ನೋವು ಕಡಿಮೆ ಅಥವಾ ಇಲ್ಲವೇ ಇಲ್ಲ. ಉರಿಯುವ ಹುಣ್ಣಿಗೆ ಓಡಾಡಿ ಔಷಧ ತರುವ ನಾವು ನೋಯದ ಹುಣ್ಣನ್ನು ಬಿಟ್ಟುಬಿಡುತ್ತೇವೆ. ನನ್ನ ಪ್ರಕಾರ ಎಲ್ಲ ತಡದ ಮೂಲ ಇದೇ.

ಬಿಳಿ ಮಚ್ಚೆ ಕಂಡರೆ ಹತ್ತಿ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಮೊಸರಿನ ಪದರದ ಹಾಗೆ ಎದ್ದು ಬಂದರೆ ಅದು ಹೆಚ್ಚಾಗಿ ಫಂಗಸ್. ಸಕ್ಕರೆ ಕಾಯಿಲೆಯವರಲ್ಲಿ, ಹಲ್ಲಿನ ಸೆಟ್ ಹಾಕುವವರಲ್ಲಿ ಬರುತ್ತದೆ, ಔಷಧಕ್ಕೆ ಹೋಗುತ್ತದೆ. ಒರೆಸಿದರೂ ಹೋಗದ ಬಿಳಿ ಮಚ್ಚೆಯನ್ನು ಡಾಕ್ಟರು ಲ್ಯೂಕೋಪ್ಲೇಕಿಯಾ ಅನ್ನುತ್ತಾರೆ. ಅದು ಕ್ಯಾನ್ಸರ್ ಅಲ್ಲ, ಆದರೆ ಕೆಲವರಲ್ಲಿ ಮುಂದೆ ಕ್ಯಾನ್ಸರ್ ಆಗಬಹುದು. ಚಟ ಬಿಟ್ಟರೆ ಎಷ್ಟೋ ಜನರಲ್ಲಿ ಕಡಿಮೆಯಾಗುವುದೂ ಉಂಟು. ಮಖಮಲ್ಲಿನ ಹಾಗೆ ಕಾಣುವ ಕೆಂಪು ಮಚ್ಚೆ, ಅಥವಾ ಕೆಂಪು-ಬಿಳಿ ಬೆರೆತದ್ದು, ಬಿಳಿಗಿಂತ ಹೆಚ್ಚು ಅಪಾಯದ್ದು. ಅದನ್ನು ಕಂಡ ಕೂಡಲೇ ತೋರಿಸಿ, ಮುಂದೆ ಹೇಳುವ ಹದಿನೈದು ದಿನದ ಲೆಕ್ಕ ಅದಕ್ಕೆ ಅಲ್ಲ.

ಇನ್ನು ಕೆಲವು ಲಕ್ಷಣ ಬಾಯಿಗೆ ಸಂಬಂಧವೇ ಇಲ್ಲದ ಹಾಗೆ ಕಾಣುತ್ತವೆ. ವಸಡು ಚೆನ್ನಾಗಿದ್ದೂ ಒಂದೆರಡು ಹಲ್ಲು ಮಾತ್ರ ಸಡಿಲವಾಗುವುದು. ಹಲ್ಲು ಕಿತ್ತ ಜಾಗ ವಾರಗಟ್ಟಲೆ ಮಾಯದಿರುವುದು. ವರ್ಷಗಟ್ಟಲೆ ಸರಿಯಿದ್ದ ಹಲ್ಲಿನ ಸೆಟ್ ಇದ್ದಕ್ಕಿದ್ದಂತೆ ಕೂರದಿರುವುದು. ಕೆಳತುಟಿ, ಗದ್ದ ಮರಗಟ್ಟುವುದು. ಕಿವಿಯಲ್ಲಿ ಏನೂ ಇಲ್ಲದಿದ್ದರೂ ಒಂದೇ ಕಿವಿ ನೋಯುವುದು. ದನಿ ಬದಲಾಗುವುದು, ನುಂಗಲು ತೊಂದರೆ. “ಹಲ್ಲು ಕಿತ್ತ ಮೇಲೆ ಕ್ಯಾನ್ಸರ್ ಬಂತು” ಅಂತ ಜನ ಹೇಳುವುದನ್ನು ನೀವೂ ಕೇಳಿರಬಹುದು. ಹಲ್ಲು ಕಿತ್ತಿದ್ದರಿಂದ ಕ್ಯಾನ್ಸರ್ ಬರುವುದಿಲ್ಲ. ಒಳಗೆ ಆಗಲೇ ಕ್ಯಾನ್ಸರ್ ಇದ್ದದ್ದರಿಂದ ಹಲ್ಲು ಸಡಿಲವಾಗಿರುತ್ತದೆ.

ಖಾರ ತಿನ್ನಲು ಆಗದಿದ್ದರೆ, ಬಾಯಿ ತೆರೆಯಲು ಬಾರದಿದ್ದರೆ

ಇದನ್ನು ಬೇರೆಯಾಗಿ ಹೇಳಬೇಕು, ಯಾಕೆಂದರೆ ನಮ್ಮ ಊರುಗಳ ಹುಡುಗರಲ್ಲಿ ಇದು ಕಾಣುತ್ತಿದೆ. ಬ್ಯಾಡಗಿ ಮೆಣಸಿನಕಾಯಿಯ ಸೀಮೆಯಲ್ಲಿ ಬೆಳೆದವರು ನಾವು. ರೊಟ್ಟಿಗೆ ಕೆಂಪು ಖಾರ ಹಚ್ಚಿಕೊಂಡು ತಿನ್ನುವ ಹುಡುಗ ಒಂದು ದಿನದಿಂದ ಸಪ್ಪೆ ಪಲ್ಯ ಕೇಳಲು ಶುರು ಮಾಡಿದರೆ, ಮಿರ್ಚಿ ಕಂಡರೆ ದೂರ ಸರಿದರೆ, ತಾಯಿ ಅಥವಾ ಹೆಂಡತಿ ಅದನ್ನು ಗಮನಿಸಬೇಕು. ಅಡಿಕೆ, ಗುಟ್ಕಾ ಹಾಕುವವರಲ್ಲಿ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ರೋಗದ ಮೊದಲ ಗುರುತು ಈ ಉರಿ.

ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ಗಲ್ಲದ ಒಳಪೊರೆಯ ಕೆಳಗೆ ನಾರು ಬೆಳೆಸುತ್ತದೆ. ಮೆತ್ತಗಿನ ಗಲ್ಲ ಬಿಳಿಚಿಕೊಂಡು ಚರ್ಮದ ಪಟ್ಟಿಯ ಹಾಗೆ ಬಿಗಿಯುತ್ತದೆ. ಬರಬರುತ್ತ ಬಾಯಿ ತೆರೆಯುವುದು ಕಡಿಮೆಯಾಗುತ್ತದೆ, ನಾಲಿಗೆ ಹೊರಗೆ ಬರುವುದಿಲ್ಲ, ಸೀಟಿ ಹೊಡೆಯಲು ಆಗುವುದಿಲ್ಲ. ಇದನ್ನು ಅಳೆಯುವುದು ಸುಲಭ. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಕೂಡಿಸಿ, ನಿಲ್ಲಿಸಿ, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲಿನ ನಡುವೆ ಇಡಿ. ತಮ್ಮದೇ ಮೂರು ಬೆರಳು ಹಿಡಿದರೆ ಸರಿ. ಎರಡೇ ಹಿಡಿದರೆ ದಂತ ವೈದ್ಯರಿಗೆ ತೋರಿಸುವ ಹೊತ್ತು ಬಂದಿದೆ.

ಒಮ್ಮೆ ಬೆಳೆದ ನಾರು ಪೂರ್ತಿ ಕರಗುವುದಿಲ್ಲ. ಆದರೆ ಅಡಿಕೆ ನಿಲ್ಲಿಸಿದರೆ ಮುಂದುವರಿಯುವುದು ನಿಧಾನವಾಗುತ್ತದೆ. ಬಾಯಿ ತೆರೆಯುವ ವ್ಯಾಯಾಮ, ಇಂಜೆಕ್ಷನ್, ತೀರಾ ಬಿಗಿದಿದ್ದರೆ ಆಪರೇಷನ್ ಇವೆ. ಇವರಲ್ಲಿ ಒಂದು ಪಾಲು ಜನರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ, ಹಾಗಾಗಿ ಅವರು ಜೀವನಪೂರ್ತಿ ತಪಾಸಣೆಯಲ್ಲಿ ಇರಬೇಕು. ಕಾಲೇಜು ಹುಡುಗ ಬಾಯಿ ಬಿಚ್ಚಿ ನಗುತ್ತಿಲ್ಲ ಅಂದರೆ ಬೈಯಬೇಡಿ. ಹತ್ತಿರ ಕೂರಿಸಿಕೊಂಡು ಮೂರು ಬೆರಳು ಇಡಿಸಿ ನೋಡಿ.

ಹದಿನೈದು ದಿನದ ಲೆಕ್ಕ

ಹುಣ್ಣು, ಮಚ್ಚೆ, ಗಂಟು ಏನೇ ಕಂಡರೂ ಆ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಫೋಟೋ ತೆಗೆಯಿರಿ. ಆ ದಿನದಿಂದ ತಂಬಾಕು, ಅಡಿಕೆ ಬಂದ್. ಚೂಪು ಹಲ್ಲು ಇದ್ದರೆ ದಂತ ವೈದ್ಯರ ಹತ್ತಿರ ನಯ ಮಾಡಿಸಿ. ಹದಿನೈದು ದಿನ ಆದರೂ ಮಾಯದಿದ್ದರೆ ಮನೆ ಮದ್ದು ಅಲ್ಲಿಗೆ ಮುಗಿಯಿತು. ಸುಣ್ಣ, ತುಪ್ಪ, ಜೇನು, ಜೆಲ್ ಯಾವುದೂ ಬೇಡ. ಅರ್ಧ ಕಡಿಮೆಯಾಗಿದೆ, ಇನ್ನೊಂದು ವಾರ ನೋಡೋಣ ಅನ್ನುವುದೂ ಬೇಡ.

ಹಿರಿಯರನ್ನು ಒಪ್ಪಿಸುವುದೇ ದೊಡ್ಡ ಕೆಲಸ. “ಕ್ಯಾನ್ಸರ್ ಇರಬೇಕು” ಅಂತ ಶುರು ಮಾಡಿದರೆ ಅಪ್ಪ ಬಾಯಿ ಮುಚ್ಚಿಕೊಂಡು ಎದ್ದು ಹೋಗುತ್ತಾರೆ. “ಅಪ್ಪಾ, ಹಲ್ಲು ತೋರಿಸ್ಕೊಂಡು ಬರೂಣು ನಡಿ” ಅಂದರೆ ಬರುತ್ತಾರೆ. ಹೆಂಗಸರು ದುಡ್ಡಿಗೆ ಹೆದರಿ ಮುಚ್ಚಿಡುತ್ತಾರೆ. ಮುಂದೆ ಬರೆದಿರುವ ಸರ್ಕಾರಿ ಆಸ್ಪತ್ರೆ, ಯೋಜನೆಗಳ ವಿಷಯ ಅವರಿಗೆ ಮೊದಲೇ ಹೇಳಿ.

ಎಲ್ಲಿಗೆ ಹೋಗುವುದು

ಹತ್ತಿರದ ದಂತ ವೈದ್ಯರು ಅಥವಾ ಇಎನ್‌ಟಿ ಡಾಕ್ಟರು ಮೊದಲ ಮೆಟ್ಟಿಲು. 30 ವರ್ಷ ದಾಟಿದವರಿಗೆ ಬಾಯಿ ತಪಾಸಣೆ ಮಾಡುವುದು ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ನಲ್ಲಿ (ಬಿಪಿ, ಸಕ್ಕರೆ, ಕ್ಯಾನ್ಸರಿನಂಥ ಅಂಟದ ರೋಗಗಳ ವಿಭಾಗ) ಕೇಳಿ, ಅಥವಾ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ.

ಗದಗಿನವರಿಗೆ ಜಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ), ಹಾವೇರಿಯವರಿಗೆ ಜಿಲ್ಲಾಸ್ಪತ್ರೆ, ಧಾರವಾಡದವರಿಗೆ ಸಿವಿಲ್ ಆಸ್ಪತ್ರೆ ಇವೆ. ಅನುಮಾನ ಗಟ್ಟಿಯಾಗಿದ್ದರೆ ಹುಬ್ಬಳ್ಳಿ-ಧಾರವಾಡದ ನಡುವಿನ ದಾರಿ ನೆನಪಿಡಿ. ವಿದ್ಯಾನಗರದ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ, ಸರ್ಕಾರಿ ಆಸ್ಪತ್ರೆ), ನವನಗರದ ಕ್ಯಾನ್ಸರ್ ಆಸ್ಪತ್ರೆ, ಸತ್ತೂರಿನ ಎಸ್‌ಡಿಎಂ ದಂತ ಕಾಲೇಜು ಮೂರೂ ಚಿಗರಿ ಬಸ್ಸಿನ ದಾರಿಯಲ್ಲೇ ಬರುತ್ತವೆ. ದಂತ ಕಾಲೇಜು ಅಂದರೆ ಬರೀ ಹಲ್ಲು ಕೀಳುವ ಜಾಗ ಅಂದುಕೊಳ್ಳಬೇಡಿ. ಬಾಯಿಯ ಮಚ್ಚೆ, ಹುಣ್ಣು ಗುರುತಿಸುವುದಕ್ಕೆ ಅಲ್ಲಿ ಪ್ರತ್ಯೇಕ ವಿಭಾಗವೇ ಇರುತ್ತದೆ.

ಹೋಗುವಾಗ ಫೋಟೋಗಳು, ತಿನ್ನುವ ಗುಳಿಗೆಗಳ ಚೀಟಿ, ಆಧಾರ್, ರೇಷನ್ ಕಾರ್ಡ್ ಇರಲಿ. ಚಟ ಎಷ್ಟು ವರ್ಷದ್ದು, ದಿನಕ್ಕೆ ಎಷ್ಟು ಅನ್ನುವುದನ್ನು ಮುಚ್ಚಿಡದೆ ಹೇಳಿ.

ಬಯಾಪ್ಸಿ ಮತ್ತು ರಿಪೋರ್ಟ್

ಕಣ್ಣಿನಿಂದ ನೋಡಿ ಅನುಮಾನ ಪಡಬಹುದು, ಖಚಿತ ಮಾಡುವುದು ಬಯಾಪ್ಸಿ ಮಾತ್ರ. ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಅಂಚಿನಿಂದ ಸಣ್ಣ ಚೂರು ತೆಗೆದು ಲ್ಯಾಬಿನಲ್ಲಿ ಪರೀಕ್ಷೆ ಮಾಡುತ್ತಾರೆ. ಅವತ್ತೇ ಮನೆಗೆ ಬರಬಹುದು.

“ಚಾಕು ತಾಗಿಸಿದರೆ ಹರಡ್ತೈತಿ” ಅನ್ನುವ ಭಯ ನಮ್ಮಲ್ಲಿ ಆಳವಾಗಿ ಕೂತಿದೆ. ಅದು ನಿಜ ಅಲ್ಲ. ಬಯಾಪ್ಸಿಗೆ ಹೆದರಿ ಮೂರು ತಿಂಗಳು ಮನೆಯಲ್ಲಿ ಕೂತರೆ ಆ ಮೂರು ತಿಂಗಳಲ್ಲಿ ಗಡ್ಡೆ ತಾನೇ ಬೆಳೆಯುತ್ತದೆ. ಆಮೇಲೆ ತಪ್ಪು ಬಯಾಪ್ಸಿಯ ತಲೆಗೆ ಬರುತ್ತದೆ.

ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಕಾಣುವ ಮಾತುಗಳು ಇವು. ಡಿಸ್‌ಪ್ಲಾಸಿಯಾ ಅಂದರೆ ಜೀವಕೋಶಗಳು ದಾರಿ ತಪ್ಪಲು ಶುರು ಮಾಡಿವೆ, ಇನ್ನೂ ಕ್ಯಾನ್ಸರ್ ಆಗಿಲ್ಲ. ಮೈಲ್ಡ್ ಇದ್ದರೆ ಕಣ್ಣಿಡುತ್ತಾರೆ, ಸಿವಿಯರ್ ಇದ್ದರೆ ತೆಗೆದುಹಾಕುತ್ತಾರೆ. ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಅಂದರೆ ಕ್ಯಾನ್ಸರ್. ಬಾಯಿ ಕ್ಯಾನ್ಸರಿನಲ್ಲಿ ಬಹುತೇಕ ಎಲ್ಲವೂ ಇದೇ ಜಾತಿಯವು. ಅದರ ಮುಂದೆ ವೆಲ್, ಮಾಡರೇಟ್ಲಿ, ಪೂರ್ಲಿ ಡಿಫರೆನ್ಷಿಯೇಟೆಡ್ ಅಂತ ಇರುತ್ತದೆ. ಇದು ಗ್ರೇಡ್. ಕೋಶ ನೋಡಲು ಹೇಗಿದೆ ಅನ್ನುವುದಷ್ಟೇ. ಎಷ್ಟು ಹರಡಿದೆ ಅನ್ನುವುದು ಸ್ಟೇಜ್. ಅದು ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್ ಆದ ಮೇಲೆ ಗೊತ್ತಾಗುತ್ತದೆ. ಗ್ರೇಡ್ ಓದಿ ಸ್ಟೇಜ್ ಅಂದುಕೊಂಡು ಮನೆಮಂದಿಯೆಲ್ಲ ಅತ್ತುಬಿಡುತ್ತಾರೆ. ಡಾಕ್ಟರನ್ನು ನೇರವಾಗಿ “ಇದು ಎಷ್ಟನೇ ಸ್ಟೇಜ್?” ಅಂತ ಕೇಳಿ.

ರಿಪೋರ್ಟಿನಲ್ಲಿ ಕ್ಯಾನ್ಸರ್ ಇಲ್ಲ ಅಂತ ಬಂದೂ ಹುಣ್ಣು ಹಾಗೇ ಇದ್ದರೆ ಮತ್ತೆ ಹೋಗಬೇಕು. ತೆಗೆದ ಚೂರು ಸರಿಯಾದ ಜಾಗದ್ದು ಆಗಿರದೇ ಇರಬಹುದು. ಬೇರೆ ಆಸ್ಪತ್ರೆಗೆ ಹೋಗುವುದಾದರೆ ರಿಪೋರ್ಟ್ ಜೊತೆ ಸ್ಲೈಡ್ ಮತ್ತು ಬ್ಲಾಕ್ (ತೆಗೆದ ಚೂರನ್ನು ಗಾಜಿನ ಪಟ್ಟಿಯಲ್ಲಿ, ಮೇಣದಲ್ಲಿ ಕಾಯ್ದಿಟ್ಟದ್ದು) ಕೇಳಿ ಪಡೆಯಿರಿ. ಆಗ ಮತ್ತೆ ಚೂರು ತೆಗೆಸುವ ಪ್ರಸಂಗ ಹೆಚ್ಚಾಗಿ ಬರುವುದಿಲ್ಲ.

ಕ್ಯಾನ್ಸರ್ ಅಂತ ಖಚಿತವಾದರೆ

ಗಡ್ಡೆ ಎರಡು ಸೆಂಟಿಮೀಟರ್ ಒಳಗಿದ್ದು, ಆಳಕ್ಕೆ ಇಳಿಯದೆ, ಕುತ್ತಿಗೆಗೂ ಹರಡದಿದ್ದರೆ ಅದು ಮೊದಲ ಹಂತ. ಆಪರೇಷನ್ ಒಂದರಲ್ಲೇ ಮುಗಿಯುವ ಸಾಧ್ಯತೆ ಹೆಚ್ಚು, ಬಹುಪಾಲು ಜನ ಗುಣವಾಗುತ್ತಾರೆ. ಬಾಯಿ ಕ್ಯಾನ್ಸರಿಗೆ ಆಪರೇಷನ್ನೇ ಮುಖ್ಯ ಚಿಕಿತ್ಸೆ. ಮುಂದುವರಿದಿದ್ದರೆ ಅದರ ನಂತರ ಸುಮಾರು ಆರು ವಾರ, ವಾರಕ್ಕೆ ಐದು ದಿನ ರೇಡಿಯೇಷನ್ ಇರುತ್ತದೆ. ಕೆಲವರಿಗೆ ಜೊತೆಗೆ ಕೀಮೋ.

ಮುಖ ಕೆಡುತ್ತದೆ ಅನ್ನುವ ಹೆದರಿಕೆ ಎಲ್ಲರಿಗೂ ಇದೆ. ಎದೆ, ತೊಡೆಯ ಮಾಂಸದಿಂದ, ಕಾಲಿನ ಎಲುಬಿನಿಂದ ಗಲ್ಲ, ದವಡೆ ಮತ್ತೆ ಕಟ್ಟುವ ಶಸ್ತ್ರಚಿಕಿತ್ಸೆ ಈಗ ಇದೆ. ಬೇಗ ಹೋದಷ್ಟೂ ಕತ್ತರಿಸುವುದು ಕಡಿಮೆ.

ಒಂದು ಕಿವಿಮಾತು: ರೇಡಿಯೇಷನ್ನಿಗೆ ಮೊದಲು ಕೆಟ್ಟ ಹಲ್ಲುಗಳನ್ನು ದಂತ ವೈದ್ಯರಿಗೆ ತೋರಿಸಿ ಸರಿ ಮಾಡಿಸಿ. ಆಮೇಲೆ ಹಲ್ಲು ಕಿತ್ತರೆ ದವಡೆ ಎಲುಬು ಮಾಯುವುದು ಬಹಳ ಕಷ್ಟ.

ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತದೆ. ಮೊದಲೇ ದಾಖಲಾಗಿ ಆಮೇಲೆ ಪತ್ರಕ್ಕೆ ಓಡಾಡಿದರೆ ಪೇಚಾಟ, ಆದ್ದರಿಂದ ಆಸ್ಪತ್ರೆಯಲ್ಲಿ ಈ ಯೋಜನೆಗೆ ಸಹಾಯ ಮಾಡುವ ಆರೋಗ್ಯಮಿತ್ರರನ್ನು ಮೊದಲ ದಿನವೇ ಭೇಟಿಯಾಗಿ. ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೆ ಮತ್ತು ಜೊತೆಗಾರರಿಗೆ ರೈಲ್ವೆ ಟಿಕೆಟ್‌ನಲ್ಲಿ ರಿಯಾಯಿತಿಯೂ ಇದೆ. ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ಚಟ ಬಿಡುವಾಗ

ಹಾಕಬೇಕು ಅನ್ನುವ ತೀವ್ರ ಆಸೆ ಒಂದು ಸಲಕ್ಕೆ ಕೆಲವು ನಿಮಿಷ ಮಾತ್ರ ಇರುತ್ತದೆ. ನೀರು ಕುಡಿಯಿರಿ, ಬಡೇಸೋಪು, ಲವಂಗ ಬಾಯಿಗೆ ಹಾಕಿ, ಎದ್ದು ಓಡಾಡಿ. ಮೊದಲ ಕೆಲವು ದಿನ ಸಿಟ್ಟು, ನಿದ್ದೆ ಬಾರದಿರುವುದು ಸಹಜ. ಆ ದಿನಗಳಲ್ಲಿ ಮನೆಯವರು ತಾಳ್ಮೆಯಿಂದ ಇರಿ. ಗುಟ್ಕಾ ಬಿಟ್ಟು ಸಿಹಿ ಸುಪಾರಿಗೆ ಇಳಿಯಬೇಡಿ, ಅದೂ ಅಡಿಕೆಯೇ. 1800-11-2356 ಶುಲ್ಕವಿಲ್ಲದ ರಾಷ್ಟ್ರೀಯ ಸಹಾಯವಾಣಿ, ಕನ್ನಡದಲ್ಲಿ ಮಾತಾಡಬಹುದು. ಕುಡಿತವೂ ಜೊತೆಗಿದ್ದರೆ ಧಾರವಾಡದ ಡಿಮ್ಹಾನ್ಸ್‌ಗೆ (ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ) ಹೋಗಿ. ಒಮ್ಮೆ ಬಿಟ್ಟು ಮತ್ತೆ ಹಿಡಿದವರೂ ಎರಡನೇ, ಮೂರನೇ ಸಲಕ್ಕೆ ಪೂರ್ತಿ ಬಿಡುತ್ತಾರೆ.

ಚಿಕಿತ್ಸೆ ಮುಗಿದವರು ಮೊದಲ ಎರಡು ವರ್ಷ ಡಾಕ್ಟರು ಹೇಳಿದ ತಾರೀಖಿಗೆ ತಪ್ಪದೆ ಹೋಗಬೇಕು, ಯಾಕೆಂದರೆ ಮರುಕಳಿಸುವುದು ಹೆಚ್ಚಾಗಿ ಆ ಅವಧಿಯಲ್ಲೇ. ಅದೇ ಬಾಯಿಯ ಬೇರೆ ಜಾಗದಲ್ಲಿ ಹೊಸ ಕ್ಯಾನ್ಸರ್ ಹುಟ್ಟುವುದೂ ಉಂಟು. ಆದ್ದರಿಂದ ತಿಂಗಳಿಗೊಮ್ಮೆ ಬಾಯಿ ನೋಡುವ ಕೆಲಸವನ್ನು ಅವರೂ ಬಿಡುವ ಹಾಗಿಲ್ಲ. ಬಾಯಿ ಬಿಗಿದು ತಮಗೆ ತಾವೇ ನೋಡಿಕೊಳ್ಳಲು ಆಗದಿದ್ದರೆ ಮನೆಯವರು ಟಾರ್ಚ್ ಹಿಡಿಯಲಿ.